ಕಾಸ್ತಾರಿಯ ಮಾತಿಗೆ ಬುವಾರಿಯ ಸಾಕ್ಷಿ

ನಮ್ಮೂರು ಕೆಡುಂಗ್‌ರಂಜುವಿನಲ್ಲಿ ಯಾರಾದರೂ ಕಿರುಚಿದರೆ ಜನ ಮೊದಲು ದಿಕ್ಕು ನೋಡುತ್ತಾರೆ. ಕಿರುಚಾಟ ಸಕ್ಕರೆ ಕಾರ್ಖಾನೆಯ ಹಿಂದಿನಿಂದ ಬಂದರೆ ಯಾರೂ ಎದ್ದು ಓಡುವುದಿಲ್ಲ. "ಬುವಾರಿ ಎಳೀತಿದಾನೆ" ಎಂದು ಹೇಳಿ ತಟ್ಟೆಯಲ್ಲಿನ ಅನ್ನ ಮುಗಿಸುತ್ತಾರೆ.

ಬುವಾರಿ ಮೂಳೆ ಕಟ್ಟುವವನು. ನಲವತ್ತು ವರ್ಷದಿಂದ ಅದೇ ಜಗಲಿ, ಅದೇ ಬಿದಿರ ದಬ್ಬೆ, ಶುಂಠಿ ಹಾಕಿ ಕಾಸಿದ ಎಣ್ಣೆಯ ಅದೇ ವಾಸನೆ. ತೆಂಗಿನ ಮರದಿಂದ ಬಿದ್ದವರು, ಮೋಟಾರು ಸೈಕಲ್ಲಿನಿಂದ ಬಿದ್ದವರು, ಗಂಡನ ಕೈಗೆ ಸಿಕ್ಕವರು, ಎಲ್ಲರಿಗಿಂತ ಹೆಚ್ಚಾಗಿ ಫುಟ್‌ಬಾಲ್ ಆಡಿ ಬಂದವರು. ಮುರಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಬೆರಳಿನಿಂದ ಮೂಳೆಯ ತುದಿ ಹುಡುಕುತ್ತ ಅವನು ಮೆಲ್ಲಗೆ ಶುರು ಮಾಡುತ್ತಿದ್ದ:

"ನೋವು ಅನ್ನೋದು ನೆಂಟ ಕಣಪ್ಪ. ಬಾಗಿಲು ಹಾಕ್ಕೊಂಡ್ರೆ ಒದ್ದು ಒಳಗೆ ಬರ್ತಾನೆ. ಚಾಪೆ ಹಾಕು, ಕಾಫಿ ಕೊಡು, ನಿನ್ನ ಕೆಲಸಕ್ಕೆ ನೀನು ಹೋಗು. ಬೇಜಾರಾಗಿ ತಾನೇ ಎದ್ದು ಹೋಗ್ತಾನೆ."

ಪೆಟ್ಟು ತಿಂದವನು ಮಾತು ಮುಗಿಯಲಿ ಎಂದು ಕಾಯುತ್ತಿರುತ್ತಾನೆ. ಬುವಾರಿ ಕಾಫಿ ಎಂಬಲ್ಲಿಗೆ ಬಂದಾಗಲೇ ಎಳೆದುಬಿಡುತ್ತಿದ್ದ. ಉಳಿದರ್ಧ ಮಾತು ಕಿರುಚಾಟದಲ್ಲಿ ಮುಳುಗುತ್ತಿತ್ತು. ಆದರೂ ಜನ ಅದನ್ನು ಮನೆಗೆ ಒಯ್ಯುತ್ತಿದ್ದರು. ಕಾಲುವೆಯಾಚೆಯ ವಾತುಗಲಿಯವರಂತೂ ತಮ್ಮ ಫುಟ್‌ಬಾಲ್ ಸಂಘದ ಗೋಡೆಯ ಮೇಲೆ ಬರೆಸಿ, ಕೆಳಗೆ 'ಚಾಕ್ ಬುವಾರಿಯ ಮಾತು' ಎಂದು ಸೇರಿಸಿದ್ದರು. ಚಾಕ್ ಅಂದರೆ ನಮ್ಮ ಕಡೆ ಅಣ್ಣ.

ಆ ಮಾತು ಬುವಾರಿಯದಲ್ಲ. ಕೆಡುಂಗ್‌ರಂಜುವಿನಲ್ಲಿ ನಲವತ್ತು ದಾಟಿದವರಿಗೆಲ್ಲ ಅದು ಗೊತ್ತಿತ್ತು. ಯಾರೂ ಹೇಳಲಿಲ್ಲ ಅಷ್ಟೆ. ಅದು ಕಾಸ್ತಾರಿಯ ಮಾತು.

ಕಾಸ್ತಾರಿ ಕಾರ್ಖಾನೆಯ ಬಾಯ್ಲರಿನಲ್ಲಿ ಕೆಲಸಕ್ಕಿದ್ದವನು, ನಮ್ಮೂರ ತಂಡದ ಕೋಚ್. ಕಬ್ಬು ಅರೆಯುವ ಹಂಗಾಮು ಶುರುವಾಗುವ ದಿನ ಎರಡು ಕಬ್ಬಿಗೆ ಮದುಮಕ್ಕಳ ಬಟ್ಟೆ ಉಡಿಸಿ, ಮೆರವಣಿಗೆ ಮಾಡಿ ಗಾಣಕ್ಕೆ ಕೊಡುತ್ತಾರಲ್ಲ, ಅದರ ಮಾರನೆಯ ದಿನದಿಂದ ಊರೂರ ನಡುವೆ ಫುಟ್‌ಬಾಲ್ ಪಂದ್ಯ. ಆ ಒಂದು ತಿಂಗಳಿಗಾಗಿ ಕಾಸ್ತಾರಿ ಹನ್ನೊಂದು ತಿಂಗಳು ಹುಡುಗರನ್ನು ಹದ ಮಾಡುತ್ತಿದ್ದ. ಸಾಲಾಗಿ ನಿಲ್ಲಿಸಿ ಮೂರು ಹೆಜ್ಜೆ ದೂರದಿಂದ ಹೊಟ್ಟೆಗೆ ಚೆಂಡು ಒದೆಯುತ್ತಿದ್ದ. ಮುಖ ಹಿಂಡಿದವನಿಗೆ ಇನ್ನೊಂದು. ಓಡುವಾಗ ಹಿಂದೆ ಬಿದ್ದವನ ಮೀನಖಂಡಕ್ಕೆ ಕಬ್ಬಿನ ಜಲ್ಲೆ. ಆಮೇಲೆ ಎಲ್ಲರನ್ನೂ ಹುಣಸೆ ಮರದ ಕೆಳಗೆ ಕೂರಿಸಿ, ತಾನೇ ಬಾಳೆಕಾಯಿ ಕರಿದು ಕೊಟ್ಟು, ಬಾಸುಂಡೆಗೆ ಎಣ್ಣೆ ಹಚ್ಚುತ್ತ ಈ ನೆಂಟನ ಮಾತು ಹೇಳುತ್ತಿದ್ದ. ಕೇಳಿದವರಿಗೆ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಹೊಡೆದ ಕೈಯೂ ಅದೇ, ಹಚ್ಚುವ ಕೈಯೂ ಅದೇ. ಹತ್ತೊಂಬತ್ತರ ವಯಸ್ಸಿನಲ್ಲಿ ಇವೆರಡನ್ನು ಬಿಡಿಸಿ ನೋಡುವ ಬುದ್ಧಿ ಯಾರಿಗಿರುತ್ತದೆ?

ಬುವಾರಿಗೆ ಆಗ ಹತ್ತೊಂಬತ್ತು. ಎಡಗಡೆಯ ಓಟಗಾರ. ಅವನು ಗೆರೆಯ ಪಕ್ಕ ಓಡಿದರೆ ಧೂಳಿಗೂ ಹಿಡಿಯಲಾಗುತ್ತಿರಲಿಲ್ಲ ಎಂದು ಅಜ್ಜಂದಿರು ಈಗಲೂ ಹೇಳುತ್ತಾರೆ. ಆ ವರ್ಷ ವಾತುಗಲಿಯ ಮೇಲೆ ಪಂದ್ಯ. ಅವರ ಏಳನೇ ನಂಬರಿನವನು ಬೆಂಕಿ. ಅರ್ಧ ಆಟಕ್ಕೆ ಕಾಸ್ತಾರಿ ಬುವಾರಿಯ ಕುತ್ತಿಗೆ ಹಿಡಿದು ಹತ್ತಿರ ಎಳೆದುಕೊಂಡ.

"ಆ ಏಳನೇ ನಂಬರನ್ನ ಮನೆಗೆ ಕಳ್ಸು."

"ಚೆಂಡು ಕಿತ್ಕೋತೀನಿ ಬಿಡಿ ಚಾಕ್."

"ಚೆಂಡು ಯಾರು ಕೇಳಿದ್ರು? ಕಾಲು ಕೇಳಿದೆ."

ಆಟ ಮುಗಿಯಲು ಹತ್ತು ನಿಮಿಷವಿರುವಾಗ ಆ ಏಳನೇ ನಂಬರಿನವನು ಬುವಾರಿಯ ಎದುರಿಗೇ ಬಂದ. ಅವನ ಕಾಲು ಚಾಚಿಕೊಂಡಿತ್ತು. ಬುವಾರಿ ಅದನ್ನು ತುಳಿಯದೆ ದಾಟಿ ಹಾರಿಬಿಟ್ಟ. ಏಳನೇ ನಂಬರಿನವನು ಮುಂದೆ ಹೋಗಿ ಗೋಲು ಹೊಡೆದ. ನಾವು ಸೋತೆವು.

ಮಾರನೆಯ ಬೆಳಿಗ್ಗೆ ಅಭ್ಯಾಸಕ್ಕೆ ಕಾಸ್ತಾರಿ ತಾನೂ ಆಡಲು ಇಳಿದ. ಕಬ್ಬಿಣದ ಮೊಳೆಯ ಹಳೆಯ ಬೂಟು ಹಾಕಿದ್ದ. ಬುವಾರಿಯ ಕಾಲಿಗೆ ಚೆಂಡು ಬಂದಾಗ ಕಾಸ್ತಾರಿ ಚೆಂಡಿನ ಕಡೆ ನೋಡಲೂ ಇಲ್ಲ. ನಾನು ಗೋಲಿನ ಹತ್ತಿರ ನಿಂತಿದ್ದೆ, ನನಗೆ ಕೇಳಿಸಿತು. ಬಲಿತ ಕಬ್ಬನ್ನು ಮೊಣಕಾಲಿಗೆ ಕೊಟ್ಟು ಮುರಿದ ಸದ್ದು. ಕೆಳಗಾಲಿನ ಮೂಳೆ ಚರ್ಮ ಹರಿದು ಬಿಳಿಯಾಗಿ ಹೊರಗೆ ಇಣುಕಿತು. ಬುವಾರಿ ಹುಲ್ಲು ಕಚ್ಚಿಕೊಂಡು ಒದ್ದಾಡಿದ.

ಆಮೇಲೆ ನಡೆದದ್ದು ಇನ್ನೂ ವಿಚಿತ್ರ. ಕಾಸ್ತಾರಿ ಬೂಟು ಬಿಚ್ಚಿ ಎಸೆದ. ತನ್ನ ಅಂಗಿ ಹರಿದು ಕಾಲು ಕಟ್ಟಿದ. ಬುವಾರಿಯನ್ನು ಬೆನ್ನ ಮೇಲೆ ಹಾಕಿಕೊಂಡು, ಉರಿಬಿಸಿಲಿನಲ್ಲಿ ಬರಿಗಾಲಿನಲ್ಲಿ ಎರಡು ಮೈಲಿ ನಡೆದು ಮೂಳೆ ಕಟ್ಟುವ ಮುದುಕನ ಮನೆ ಮುಟ್ಟಿಸಿದ. ದಾರಿಯುದ್ದಕ್ಕೂ ಅದೇ ಮಾತು. "ನೆಂಟ ಕಣೋ, ನೆಂಟ. ಚಾಪೆ ಹಾಕು. ಕಣ್ಣು ಮುಚ್ಚಬೇಡ. ಕಾಫಿ ಕೊಡು ಅವನಿಗೆ." ಆ ಮಾತು ಕಿವಿಗೆ ಬೀಳದಿದ್ದರೆ ಅರ್ಧ ದಾರಿಯಲ್ಲೇ ಪ್ರಾಣ ಬಿಡುತ್ತಿದ್ದೆ ಎಂದು ಬುವಾರಿ ಒಮ್ಮೆ ನನಗೆ ಹೇಳಿದ್ದಾನೆ. ಮುರಿದವನ ಬಾಯಿಂದಲೇ ಬದುಕಬೇಕಾಯಿತು ಎಂದಾಗ ಅವನು ನಕ್ಕಿರಲಿಲ್ಲ.

ಕಾಲು ಎರಡು ಬೆರಳಿನಷ್ಟು ಗಿಡ್ಡವಾಗಿ ಕೂಡಿಕೊಂಡಿತು. ಓಟ ಮುಗಿಯಿತು. ಆರು ತಿಂಗಳು ಮುದುಕನ ಜಗಲಿಯಲ್ಲಿ ಬಿದ್ದುಕೊಂಡು ನೋಡುತ್ತ ನೋಡುತ್ತ ಕಸುಬು ಕಲಿತ. ಮುದುಕನ ಮಗಳು ಪೊನಿತಿಯನ್ನೂ ಮದುವೆಯಾದ. ಪೊನಿತಿಯ ನಾಲಿಗೆಗೆ ಮೂಳೆಯಿಲ್ಲ, ಆದರೆ ಮೂಳೆ ಮುರಿಯುವ ಬಲವಿದೆ. "ನನ್ನ ಗಂಡ ಓಡೋ ಹಾಗಿದ್ದಿದ್ರೆ ನನ್ನ ಕೈಗೆ ಸಿಕ್ತಿದ್ನಾ?" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ಕಾಸ್ತಾರಿ ಕೋಚ್ ಆಗಿ ಮುಂದುವರಿದ. ನಾವು ಗೆದ್ದೆವು. ಗೆದ್ದ ಪ್ರತಿ ವರ್ಷವೂ ಊರಿನ ಯಾವುದೋ ಮನೆಯಲ್ಲಿ ಒಂದು ಮೂಳೆ ಹೋಯಿತು. ತೀರ್ಪುಗಾರನೊಬ್ಬನ ಕಣ್ಣು ಹೋಯಿತು. ಕಾಸ್ತಾರಿಯ ಕೈಕೆಳಗೆ ಬೆಳೆದವರಲ್ಲಿ ಒಬ್ಬ ಪೊಲೀಸ್ ಆದ, ಸಕೂರ್ ಎಂಬವನು ಕಾರ್ಖಾನೆಯ ಮೇಸ್ತ್ರಿಯಾದ. ಕುಡಿದು ಬೀದಿಯಲ್ಲಿ ಬೀಳುತ್ತಿದ್ದ ಇಬ್ಬರು ಕುಡಿತ ಬಿಟ್ಟು ಸಂಸಾರ ಹಿಡಿದರು. ನಮ್ಮನ್ನು ಮನುಷ್ಯರನ್ನಾಗಿ ಮಾಡಿದವನೇ ಕಾಸ್ತಾರಿ ಎಂದು ಅವರೆಲ್ಲ ಆಣೆ ಮಾಡುತ್ತಾರೆ. ಅದೂ ಸುಳ್ಳಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ ಕೊನೆಯ ಪಂದ್ಯ. ಮತ್ತೆ ವಾತುಗಲಿ. ಅವರ ಗೋಲ್‌ಕೀಪರ್ ರಾಹ್ವಿ, ಇಪ್ಪತ್ತನಾಲ್ಕು ವರ್ಷದವನು, ನಮ್ಮ ಮೂರು ಹೊಡೆತ ಹಿಡಿದ. ನಾಲ್ಕನೆಯದಕ್ಕೆ ಚೆಂಡನ್ನು ಎದೆಗೆ ಅಪ್ಪಿಕೊಂಡು ನೆಲಕ್ಕೆ ಬಿದ್ದಿದ್ದಾಗ ನಮ್ಮವರು ಐದಾರು ಜನ ಅವನನ್ನು ಸುತ್ತುವರಿದರು. ಗೆರೆಯ ಪಕ್ಕದಿಂದ ಕಾಸ್ತಾರಿ ಕೂಗಿದ: "ಬಿಡಬೇಡಿ. ಅವನ ಮೇಲೇ ನಿಲ್ಲಿ." ಅವರು ನಿಂತರು. ಮೊಳೆಯ ಬೂಟಿನಲ್ಲಿ ಎದೆಯ ಮೇಲೆ, ಕುತ್ತಿಗೆಯ ಮೇಲೆ. ಎರಡೂ ಊರಿನವರು ಮಚ್ಚು ಹಿಡಿದು ಮೈದಾನಕ್ಕೆ ನುಗ್ಗಿದರು. ಬೇಲಿಯ ಬಿದಿರು ಕಿತ್ತು ತಲೆಗಳಿಗೆ ಬಡಿದರು. ಗಲಾಟೆ ತಣ್ಣಗಾಗುವಷ್ಟರಲ್ಲಿ ರಾಹ್ವಿಯ ಬಾಯಿಂದ ರಕ್ತ ಬರುವುದು ನಿಂತಿತ್ತು. ಚೆಂಡು ಇನ್ನೂ ಕೈಯಲ್ಲಿತ್ತು.

ಬುವಾರಿ ಅಂದು ಕಾಸ್ತಾರಿಯಿಂದ ನಾಲ್ಕು ಮಾರು ದೂರದಲ್ಲಿ ಕೂತಿದ್ದ, ಪೆಟ್ಟಾದವರನ್ನು ನೋಡಿಕೊಳ್ಳಲೆಂದು. ಕೂಗಿದ್ದು ಸ್ಪಷ್ಟವಾಗಿ ಕೇಳಿತ್ತು. ಪೊಲೀಸರು ಬಂದು ಕೇಳಿದಾಗ, "ಗಲಾಟೆಯಲ್ಲಿ ಏನೂ ಕೇಳಿಸಲಿಲ್ಲ ಸ್ವಾಮಿ" ಎಂದ. ನಾವೆಲ್ಲ ಹಾಗೆಯೇ ಅಂದೆವು. ಕಾಸ್ತಾರಿ ಮೂರು ತಿಂಗಳು ಒಳಗಿದ್ದು, ಸಾಕ್ಷಿಯಿಲ್ಲದೆ ಹೊರಗೆ ಬಂದ. ಪಂದ್ಯ ಅಂದಿಗೆ ನಿಂತೇ ಹೋಯಿತು.

ರಾಹ್ವಿಯ ತಾಯಿ ಮಾಕ್ ರುಕಾಯಾ; ಮಾಕ್ ಅಂದರೆ ಅವ್ವ. ಮಗ ಸತ್ತ ಮೇಲೆ ಆಕೆ ಉಣ್ಣುವುದನ್ನು ಬಿಟ್ಟಳು. ಒಂದು ದಿನ ತಲೆ ಸುತ್ತಿ ಬಾವಿಕಟ್ಟೆಯಿಂದ ಬಿದ್ದು ಹೆಗಲ ಮೂಳೆ ಮುರಿಯಿತು. ಕಿರಿಯ ಮಗ ಸತುರಿ ಹೊತ್ತು ತಂದು ಬುವಾರಿಯ ಜಗಲಿಯಲ್ಲಿ ಇಳಿಸಿದ. ಬುವಾರಿ ಅಭ್ಯಾಸದಂತೆ ನೆಂಟನ ಮಾತು ಹೇಳಿದ, ಎಳೆದ. ಆಕೆ ಕಿರುಚಲಿಲ್ಲ. "ಇನ್ನೊಂದು ಸಲ ಹೇಳಪ್ಪ" ಅಂದಳು. ಅಂದಿನಿಂದ ಊಟಕ್ಕೆ ಕೂತಳು. ಇಪ್ಪತ್ತು ವರ್ಷ ಆ ಮಾತನ್ನು ಕಟ್ಟಿಕೊಂಡು ಬದುಕಿದಳು. ವಾತುಗಲಿಯ ಗೋಡೆಗೆ ಅದನ್ನು ಬರೆಸಿದವಳೂ ಆಕೆಯೇ. ಅದು ಯಾರ ಬಾಯಿಂದ ಹುಟ್ಟಿತ್ತು ಎಂದು ಆಕೆಗೆ ಹೇಳುವ ಧೈರ್ಯ ಬುವಾರಿಗೆ ಬರಲಿಲ್ಲ.

ಇಂಥದರಲ್ಲಿ ಕಾಸ್ತಾರಿ ಸತ್ತ.

ನಮ್ಮ ಕಡೆ ಹೆಣ ಎತ್ತುವ ಮುಂಚೆ ಮೊದಿನ್ ಅಂಗಳದಲ್ಲಿ ನಿಂತು ನೆರೆದವರನ್ನು ಮೂರು ಸಲ ಕೇಳುತ್ತಾನೆ. ಊರ ಹುಟ್ಟು ಸಾವಿನ ಪ್ರಾರ್ಥನೆಯೆಲ್ಲ ಅವನದೇ. "ಈ ಮನುಷ್ಯ ಒಳ್ಳೆಯವನೋ ಕೆಟ್ಟವನೋ?" ಎಂದಾಗ ಜನ "ಒಳ್ಳೆಯವನು" ಎನ್ನಬೇಕು. ಆ ಸಾಕ್ಷಿಯೇ ಸತ್ತವನ ದಾರಿಬುತ್ತಿ. ಕೋಳಿ ಕದ್ದವನಿಗೂ ಅಂದಿದ್ದೇವೆ, ಹೆಂಡತಿ ಬಿಟ್ಟವನಿಗೂ ಅಂದಿದ್ದೇವೆ. ನನಗೆ ತಿಳಿದಂತೆ ಯಾರಿಗೂ ಮೌನ ಸಿಕ್ಕಿಲ್ಲ. ಈ ಸಲ ಮಾತ್ರ ಹೆಣ ತೊಳೆಯುವಾಗಲೇ ಊರು ಗುಸುಗುಸು ಅನ್ನುತ್ತಿತ್ತು: ಬಾಯಿ ಬಿಡಬಾರದು.

ಕಾಸ್ತಾರಿಯ ಮಗಳು ಖುಸ್ನಾ ಬೆಳಿಗ್ಗೆಯೇ ಬುವಾರಿಯ ಜಗಲಿಗೆ ಬಂದಳು. ಐವತ್ತರ ಹೆಂಗಸು, ಅಳು ಬತ್ತಿತ್ತು.

"ಚಾಕ್, ನೀವೊಬ್ರು ಒಳ್ಳೇವ್ರು ಅಂದ್ರೆ ಸಾಕು. ನಿಮ್ಮ ಕಾಲು ಮುರಿದವರು ಅವರು. ನೀವೇ ಅಂದ್ಮೇಲೆ ಉಳಿದವರಿಗೆ ಬೇರೆ ದಾರಿ ಇರಲ್ಲ."

"ತಂಗಿ ಖುಸ್ನಾ, ನಂಗೆ ಗೊತ್ತಿರೋದೆಲ್ಲ ನಿಂಗೂ ಗೊತ್ತು."

"ನನ್ನಪ್ಪ ಅಂತ ಬೇಡ. ನಿಮ್ಮ ಕೋಚ್ ಅಂತಾದ್ರೂ ಅನ್ನಿ."

ಅವಳು ಹೋದ ಮೇಲೆ ಪೊನಿತಿ ಒಳಗಿನಿಂದಲೇ ಕೇಳಿದಳು. "ಏನು ಹೇಳ್ತೀರಿ?"

"ಗೊತ್ತಿಲ್ಲ."

"ಒಳ್ಳೇವನು ಅಂದ್ರೆ ರುಕಾಯಾ ಮುಖ ಹೇಗೆ ನೋಡ್ತೀರಿ? ಕೆಟ್ಟವನು ಅಂದ್ರೆ ದಿನಾ ಹೇಳೋ ಮಾತು ಹೇಗೆ ಹೇಳ್ತೀರಿ? ಕಾಲೊಂದೇ ಗಿಡ್ಡ ಅಂದ್ಕೊಂಡಿದ್ದೆ."

ಬುವಾರಿ ಟೋಪಿ ಹಾಕಿಕೊಂಡು ಹೊರಟ.

ಅಂಗಳದಲ್ಲಿ ಹೆಣ ಹೊರುವ ಬಿದಿರ ಡೋಲಿ, ಮೇಲೆ ಹಸಿರು ಬಟ್ಟೆ. ಒಂದು ಕಡೆ ಸಕೂರ್ ಮತ್ತು ಹಳೆಯ ಆಟಗಾರರು, ಎಲ್ಲರಿಗೂ ಹೊಟ್ಟೆ ಬಂದಿದೆ, ಲುಂಗಿ ಬಿಗಿದಿದ್ದಾರೆ. ಬೇಲಿಯಾಚೆ ಸತುರಿ ಮತ್ತು ವಾತುಗಲಿಯ ಏಳೆಂಟು ಜನ, ಸೊಂಟದಲ್ಲಿ ಕಬ್ಬು ಕಡಿಯುವ ಮಚ್ಚು. ಸಾಕ್ಷಿ ಕೇಳಲು ಬಂದಿದ್ದೇವೆ ಎಂದರು. ಬರಬೇಡಿ ಎನ್ನಲು ಸಾವಿನ ಮನೆಗೆ ಬಾಗಿಲುಂಟೇ?

ಮೊದಿನ್ ಗಂಟಲು ಸರಿ ಮಾಡಿಕೊಂಡು ಕೇಳಿದ. "ಈ ಮನುಷ್ಯ ಒಳ್ಳೆಯವನೋ ಕೆಟ್ಟವನೋ?"

ಒಂದು ಕೋಳಿ ಕೆದಕುವ ಸದ್ದು ಕೇಳಿತು. ಖುಸ್ನಾ ಕಂಬ ಹಿಡಿದುಕೊಂಡಳು.

ಮೊದಿನ್ ಬೆವರು ಒರೆಸಿಕೊಂಡು ಎರಡನೆಯ ಸಲ ಕೇಳಿದ. ಸಕೂರ್ ಎದೆ ಸೆಟೆಸಿ, "ಒಳ್ಳೇವರು" ಎಂದ. ಹಿಂದಿನಿಂದ ನಾಲ್ಕು ದನಿ ಸೇರಿದವು.

"ಯಾರಿಗೆ ಒಳ್ಳೇವನು?" ಎಂದ ಸತುರಿ ಬೇಲಿಯಾಚೆಯಿಂದ. "ನಮ್ಮಣ್ಣನ ಎದೆ ಮೇಲೆ ನಿಂತೋನಲ್ವೇನೋ ನೀನು?"

"ಹೆಣದ ಮುಂದೆ ಬೊಗಳಬೇಡ."

"ಹೆಣ ಮಾಡೋದು ನಿಮಗೆ ಗೊತ್ತು, ಬೊಗಳೋದು ನಮಗೆ ಗೊತ್ತು."

ಮೊದಲ ಕಲ್ಲು ಯಾವ ಕಡೆಯಿಂದ ಬಂತೋ ನಾನು ನೋಡಲಿಲ್ಲ. ಮೊದಿನನ ಟೋಪಿಗೆ ತಾಗಿ ಹಣೆ ಒಡೆಯಿತು. ಬೇಲಿ ಮಲಗಿತು. ಎರಡು ಊರಿನ ನಲವತ್ತು ದಾಟಿದ ಗಂಡಸರು ಮೈದಾನದ ಕಾಲಕ್ಕೆ ಮರಳಿದಂತೆ ಒಬ್ಬರ ಮೇಲೊಬ್ಬರು ಬಿದ್ದರು. ಅಡಿಗೆಯ ಕಡಾಯಿ ಉರುಳಿ ಕುದಿಯುವ ಸಾರು ಕಾಲುಗಳ ಮೇಲೆ ಚೆಲ್ಲಿತು. ಯಾರದೋ ಕಿವಿ ಮಚ್ಚಿನ ಅಂಚಿಗೆ ಸಿಕ್ಕು ನೇತಾಡಿತು. ಹಲ್ಲೊಂದು ನನ್ನ ಕಾಲ ಬಳಿ ಬಂದು ಬಿತ್ತು. ಸಕೂರ್ ಡೋಲಿಯ ಒಂದು ಬೊಂಬನ್ನೇ ಕಿತ್ತ. ಡೋಲಿ ಓರೆಯಾಗಿ, ಹಸಿರು ಬಟ್ಟೆ ಸರಿದು, ಬಿಳಿ ಬಟ್ಟೆಯಲ್ಲಿ ಸುತ್ತಿದ ಕಾಸ್ತಾರಿ ಅರ್ಧ ಜಾರಿದ. ಖುಸ್ನಾ ಓಡಿಹೋಗಿ ತಂದೆಯ ಭುಜಕ್ಕೆ ತನ್ನ ಭುಜ ಕೊಟ್ಟು ಮಂಡಿಯೂರಿದಳು. ಅದೇ ಹೊತ್ತಿಗೆ ಸಕೂರನ ಬೊಂಬು ಸತುರಿಯ ಬಲಗೈ ಮೇಲೆ ಇಳಿಯಿತು. ಮಚ್ಚು ಕೆಳಗೆ ಬಿತ್ತು. ಕೈ ಮೊಣಕೈಗೂ ಮಣಿಕಟ್ಟಿಗೂ ನಡುವೆ ಹೊಸದೊಂದು ಕಡೆ ಮಡಚಿಕೊಂಡಿತ್ತು.

ಆ ಸದ್ದಿಗೆ ಎಲ್ಲರೂ ಒಂದು ಗಳಿಗೆ ನಿಂತರು. ಬುವಾರಿ ಕುಂಟುತ್ತ ನಡುವೆ ಬಂದು ನೆಲದ ಮೇಲೆ ಕೂತ. ಸತುರಿಯ ಕೈಯನ್ನು ತೊಡೆಯ ಮೇಲೆ ಎಳೆದುಕೊಂಡ. ಬೇಲಿಯ ಬಿದಿರು ಸೀಳಿ ದಬ್ಬೆ ಮಾಡಲು ಹೇಳಿದ. ಬೆರಳು ಮೂಳೆ ಹುಡುಕುತ್ತಿದ್ದಂತೆ ಬಾಯಿ ತಾನೇ ತೆರೆಯಿತು.

"ನೋವು ಅನ್ನೋದು..."

"ಗೊತ್ತು ಚಾಕ್. ನೆಂಟ. ಚಾಪೆ ಹಾಕ್ಬೇಕು," ಎಂದ ಸತುರಿ ಹಲ್ಲು ಕಚ್ಚಿ. "ನಮ್ಮವ್ವ ದಿನಾ ಅದನ್ನೇ ಪಠಿಸ್ತಾಳೆ. ನೀವು ಇವತ್ತು ಆ ಕೊಲೆಗಾರನ ಪರ ಬಾಯಿ ಬಿಟ್ರೆ ನಿಮ್ಮ ಜಗಲಿಗೆ ವಾತುಗಲಿಯ ನಾಯಿನೂ ಬರಲ್ಲ. ಈಗ ಎಳೀರಿ."

ಬುವಾರಿ ಎಳೆದ. ಮೂಳೆ ಕಟಕ್ಕನೆ ಕೂತಿತು. ದಬ್ಬೆ ಇಟ್ಟು ಸುತ್ತಿ ಕಟ್ಟಿದ. ಆಮೇಲೆ ಎದ್ದು ಮೊದಿನ್ ಕಡೆ ತಿರುಗಿದ.

"ಮೂರನೇ ಸಲ ಕೇಳು."

ಮೊದಿನ್ ಹಣೆಗೆ ಬಟ್ಟೆ ಒತ್ತಿಕೊಂಡೇ ಕೇಳಿದ.

"ಒಳ್ಳೇವನು ಅಂತ ನನ್ನ ಬಾಯಲ್ಲಿ ಬರಲ್ಲ," ಎಂದ ಬುವಾರಿ. ದನಿ ಎತ್ತರಿಸಲಿಲ್ಲ. "ನನ್ನ ಕಾಲನ್ನ ಬೇಕೂ ಅಂತಲೇ ಮುರಿದ. ರಾಹ್ವಿ ಮೇಲೆ ನಿಲ್ಲಿ ಅಂತ ಕೂಗಿದ್ದೂ ಅವನೇ. ನಾಲ್ಕು ಮಾರು ದೂರ ಕೂತು ಕೇಳಿಸ್ಕೊಂಡೆ. ಪೊಲೀಸರ ಮುಂದೆ ಸುಳ್ಳು ಹೇಳ್ದೆ. ಅದು ನನ್ನ ಪಾಪ, ಅವನದಲ್ಲ."

ಖುಸ್ನಾ ಡೋಲಿಯ ಕೆಳಗಿನಿಂದ ತಲೆ ಎತ್ತಲಿಲ್ಲ. ಸಕೂರ್ ಬೊಂಬನ್ನು ಕೆಳಗಿಟ್ಟ.

"ಆದ್ರೆ ನೆಂಟನ ಮಾತು ನನ್ನದಲ್ಲ ಸತುರಿ. ನಿಮ್ಮ ಗೋಡೆ ಮೇಲಿರೋದು ಇವನ ಮಾತು. ಕಾಲು ಮುರಿದ ದಿನ ಇವನೇ ನನ್ನ ಕಿವೀಲಿ ಹೇಳ್ತಾ ಹೊತ್ಕೊಂಡು ಹೋದ. ನಲವತ್ತು ವರ್ಷ ನಂದು ಅಂತ ಹಂಚ್ಕೊಂಡು ತಿಂದೆ. ಆ ಮಾತಿಂದ ಎದ್ದು ಕೂತೋರು ನೂರಾರು ಜನ. ಮಾತಿಗೆ ಬೇಕಾದ್ರೆ ನಾನು ಸಾಕ್ಷಿ. ಮನುಷ್ಯನಿಗೆ ಅಲ್ಲ."

ಸತುರಿಯ ಮುಖದಲ್ಲಿ ರಕ್ತವೇ ಇರಲಿಲ್ಲ. ಕಟ್ಟಿದ ಕೈಯನ್ನು ತನ್ನದಲ್ಲವೆಂಬಂತೆ ನೋಡಿದ.

ಮೊದಿನ್ ತಬ್ಬಿಬ್ಬಾದ. "ಇದಕ್ಕೆ ಎರಡೇ ಉತ್ತರ ಇರೋದಪ್ಪ. ಮಾತು ಬೇರೆ ಮನುಷ್ಯ ಬೇರೆ ಅಂತ ನಾನು ಯಾವತ್ತೂ ಕೇಳಿಲ್ಲ."

"ಹಾಗಾದ್ರೆ ಪ್ರಶ್ನೆ ಬದಲಾಯ್ಸು," ಎಂದಳು ಪೊನಿತಿ ಹೆಂಗಸರ ನಡುವಿನಿಂದ. "ಬಿಸಿಲೇರ್ತಿದೆ, ಹೆಣ ಕಾಯಲ್ಲ."

ಮೊದಿನ್ ಆಕಾಶ ನೋಡಿದ, ನೆಲ ನೋಡಿದ. ಕೊನೆಗೆ ಕೇಳಿದ: "ಈ ಮನುಷ್ಯ ಬಿಟ್ಟುಹೋದ ಮಾತು ಒಳ್ಳೆಯದೋ ಕೆಟ್ಟದ್ದೋ?"

"ಒಳ್ಳೆಯದು," ಎಂದ ಬುವಾರಿ. ಅಡಿಗೆ ಮನೆಯ ಹೆಂಗಸರು ಅಂದರು. ತುಟಿ ಒಡೆದ ಆಟಗಾರರು ಅಂದರು. ನಾನೂ ಅಂದೆ. ವಾತುಗಲಿಯವರು ಅನ್ನಲಿಲ್ಲ. ಆದರೆ ಬೇಲಿ ದಾಟಿ ಹಿಂದೆ ಸರಿದು ದಾರಿ ಬಿಟ್ಟರು. ಬೊಂಬು ಬಿಗಿಯಾಗದೆ ಡೋಲಿ ಓರೆಯಾಗಿಯೇ ಹೋಯಿತು.

ಖುಸ್ನಾ ಏಳನೆಯ ದಿನದ ಊಟಕ್ಕೆ ಊರಿಗೆಲ್ಲ ಕರೆ ಕಳಿಸಿದಳು, ಬುವಾರಿಯ ಮನೆಯೊಂದನ್ನು ಬಿಟ್ಟು. "ನನ್ನಪ್ಪನಿಗೆ ಅರ್ಧ ಸಾಕ್ಷಿ ಸಿಕ್ತು" ಎಂದಳಂತೆ. ಎದುರಿಗೆ ಸಿಕ್ಕರೆ ಈಗಲೂ ರಸ್ತೆಯ ಆಚೆ ಬದಿಗೆ ಹೋಗುತ್ತಾಳೆ.

ಮಾಕ್ ರುಕಾಯಾ ಎಂಟನೆಯ ದಿನ ಬೆಳಿಗ್ಗೆ ಬಂದಳು. ಎಂಬತ್ತರ ಹತ್ತಿರದ ಮುದುಕಿ ಕಾಲುವೆ ಸುತ್ತಿ ಒಬ್ಬಳೇ ನಡೆದು ಬಂದಿದ್ದಳು. ಜಗಲಿ ಹತ್ತಿದಳು, ಚಪ್ಪಲಿ ಬಿಚ್ಚಿದಳು, ಅದನ್ನು ಕೈಗೆ ತೆಗೆದುಕೊಂಡಳು.

"ನನ್ನ ಮಗನ್ನ ತಿಂದವನ ಎಂಜಲನ್ನ ಇಪ್ಪತ್ತು ವರ್ಷ ನನ್ನ ಬಾಯಿಗೆ ಇಟ್ಟೆಯಲ್ಲೋ."

ಬುವಾರಿ ಮುಖ ತಿರುಗಿಸಲಿಲ್ಲ. ಮೊದಲ ಏಟು ಕೆನ್ನೆಗೆ ಬಿತ್ತು, ಎರಡನೆಯದು ಕಣ್ಣಿನ ಮೇಲೆ. ಹುಬ್ಬು ಒಡೆದು ರಕ್ತ ಇಳಿಯಿತು. ಸೌಟು ಹಿಡಿದು ಹೊರಗೆ ಬಂದ ಪೊನಿತಿಯನ್ನು ಬುವಾರಿ ಕೈ ಎತ್ತಿ ತಡೆದ. ಮುದುಕಿ ಹೊಡೆಯುತ್ತಲೇ ಹೋದಳು. ಆರನೆಯದೋ ಏಳನೆಯದೋ ಏಟಿಗೆ ಅವಳದೇ ಹೆಬ್ಬೆರಳು ಕೀಲು ತಪ್ಪಿತು. ಚಪ್ಪಲಿ ಜಾರಿತು. ಏದುಸಿರು ಬಿಡುತ್ತ ಅಲ್ಲೇ ಚಾಪೆಯ ಮೇಲೆ ಕುಸಿದಳು, ಊದಿಕೊಳ್ಳುತ್ತಿದ್ದ ಬೆರಳನ್ನೇ ನೋಡುತ್ತ.

ಆಮೇಲೆ ಆಕೆ ಕೈ ಮುಂದೆ ಚಾಚಿದಳು. ಬುವಾರಿ ಕಣ್ಣಿನ ರಕ್ತ ಒರೆಸಿಕೊಂಡು, ಎಣ್ಣೆ ಹಚ್ಚಿ, ಕೀಲು ಹುಡುಕಿದ. ಅಭ್ಯಾಸ ಬಲದಿಂದ ಅವನ ತುಟಿ ಬಿಚ್ಚಿತು.

"ಬಾಯಿ ಮುಚ್ಕೊಂಡು ಎಳಿ," ಎಂದಳು ರುಕಾಯಾ.

ಬುವಾರಿ ಬಾಯಿ ಮುಚ್ಚಿಕೊಂಡು ಎಳೆದ. ಮುದುಕಿ ಕಿರುಚಿದ್ದು ಕಾರ್ಖಾನೆಯವರೆಗೆ ಕೇಳಿತು.

ಬಟ್ಟೆ ಸುತ್ತಿಸಿಕೊಂಡು ಎದ್ದು, ಎಡಗೈಯಿಂದ ಚಪ್ಪಲಿ ಹಾಕಿಕೊಳ್ಳುವಾಗ ಆಕೆ ಬುವಾರಿಯ ಮುಖ ನೋಡದೆ ಅಂದಳು: "ಸತುರಿ ಕೈ ಕಟ್ಟು ಸಡ್ಲ ಆಗಿದೆ. ನಾಳೆ ಕಳಿಸ್ತೀನಿ, ಬಿಗಿ ಮಾಡ್ಕೊಡು. ಅವನ ಹತ್ರನೂ ಏನೂ ಮಾತಾಡಬೇಡ."